ಎಚ್-ಇಂಡೆಕ್ಸ್ ಕಾಣದ್ದು

1991ರ ನವೆಂಬರಿನಲ್ಲಿ ‘ವೈರಾಲಜಿ’ ಜರ್ನಲ್‌ನಲ್ಲಿ ಏಳು ಪುಟಗಳ ಲೇಖನವೊಂದು ಅಚ್ಚಾಯಿತು. ಬ್ರಿಸ್ಬೇನಿನ ಜಿಯಾನ್ ಝೌ ಮೊದಲ ಲೇಖಕ, ಇಯಾನ್ ಫ್ರೇಜರ್ ಕೊನೆಯವರು. ಅಣುಜೀವಶಾಸ್ತ್ರದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಪ್ರಯೋಗ ಮಾಡಿದವರದು, ಕೊನೆಯದು ಲ್ಯಾಬಿನ ಮುಖ್ಯಸ್ಥರದು; ನಡುವಿನವರ ಪಾಲೆಷ್ಟೆಂದು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸನ್ನು ಲ್ಯಾಬಿನಲ್ಲಿ ಬೆಳೆಸುವುದೇ ಕಷ್ಟವಾಗಿದ್ದ ಕಾಲ ಅದು. ಇವರು ವೈರಸ್ಸಿನ ಹೊರಕವಚದ ಎರಡು ಪ್ರೋಟೀನುಗಳನ್ನಷ್ಟೇ ಜೀವಕೋಶದಲ್ಲಿ ತಯಾರಾಗುವಂತೆ ಮಾಡಿದರು. ಅವು ತಾವಾಗಿಯೇ ಕೂಡಿಕೊಂಡು ವೈರಸ್ಸನ್ನು ಹೋಲುವ ಕಣಗಳಾದವು. ಇಂದಿನ ಎಚ್‌ಪಿವಿ ಲಸಿಕೆಯಲ್ಲಿರುವುದು ಅಂಥ ಪೊಳ್ಳು ಕಣಗಳೇ.

ಈ ಲೇಖನವನ್ನು ತೂಗುವುದು ಹೇಗೆ? ಮರುವರ್ಷವೇ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಡಗ್ಲಸ್ ಲೋವಿ ಮತ್ತು ಜಾನ್ ಷಿಲ್ಲರ್ ತಂಡ, ಎರಡು ಪ್ರೋಟೀನು ಬೇಕಿಲ್ಲ, ಅವುಗಳಲ್ಲಿ ಎಲ್1 ಎಂಬ ಒಂದೇ ಸಾಕು ಎಂದು ತೋರಿಸಿತು. 2017ರ ಲಾಸ್ಕರ್ ಪ್ರಶಸ್ತಿ ಅವರಿಬ್ಬರ ಪಾಲಾಯಿತು. ಆದರೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ರಿಚರ್ಡ್ ಶ್ಲೆಗೆಲ್ ಜೊತೆಗಿನ ಪೇಟೆಂಟ್ ವ್ಯಾಜ್ಯದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಫ್ರೇಜರ್ ಪರ ನಿಂತಿತು. 1991ರ ಅವರ ಆಸ್ಟ್ರೇಲಿಯಾ ಅರ್ಜಿಗೇ ಆದ್ಯತೆ ಎಂದಿತು. ಪ್ರಶಸ್ತಿ ಸಮಿತಿ ಒಂದು ಕಡೆ, ನ್ಯಾಯಾಲಯ ಇನ್ನೊಂದು ಕಡೆ. ಲೇಖನವನ್ನು ಬೇರೆಯವರು ಎಷ್ಟು ಬಾರಿ ಉಲ್ಲೇಖಿಸಿದರು ಎಂಬ ಎಣಿಕೆಗೆ ಈ ಜಗಳದ ಗೊಡವೆಯೇ ಇಲ್ಲ. ಹೊಗಳಿದವನು, ತಿದ್ದಿದವನು, ತಕರಾರು ತೆಗೆದವನು, ಓದದೆ ಹೆಸರು ಸೇರಿಸಿದವನು, ಎಲ್ಲರದೂ ಅಲ್ಲಿ ಒಂದೊಂದೇ ಅಂಕ.

ಎಣಿಕೆಗೆ ಇನ್ನಷ್ಟು ಬಿಗಿ ಬಂದದ್ದು 2005ರಲ್ಲಿ, ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ಸೂಚಿಸಿದಾಗ. ಕನಿಷ್ಠ 30 ಬಾರಿ ಉಲ್ಲೇಖಗೊಂಡ 30 ಲೇಖನಗಳಿದ್ದರೆ ಎಚ್ 30. ಲೆಕ್ಕ ಸರಳ, ಅದಕ್ಕೇ ಸಮಿತಿಗಳಿಗೆ ಪ್ರಿಯ. ಎರಡೇ ಲೇಖನ ಬರೆದು ಒಂದು ಶಾಸ್ತ್ರದ ದಿಕ್ಕನ್ನೇ ಬದಲಿಸಿದವರ ಎಚ್ ಮಾತ್ರ ಎರಡನ್ನು ದಾಟದು.

ಈ ಎಣಿಕೆ ಏನನ್ನು ಕಾಣದು ಎಂಬುದನ್ನು ಆಸ್ಟ್ರೇಲಿಯಾದ ಇನ್ನಿಬ್ಬರು ವಿಜ್ಞಾನಿಗಳಲ್ಲೂ ನೋಡಬಹುದು. ಅಡಿಲೇಡ್ ವಿಶ್ವವಿದ್ಯಾಲಯದ ರಾಬರ್ಟ್ ಸೈಮನ್ಸ್ ಅವರ ಲೇಖನಗಳ ಪಟ್ಟಿ ಬೇರೆ ಬಗೆಯದು. ಅವರು ಬೆನ್ನುಹತ್ತಿದ್ದು ಬೆಣ್ಣೆಹಣ್ಣಿನ ಮರಕ್ಕೆ ರೋಗ ತರುವ ಒಂದು ವೈರಾಯ್ಡನ್ನು: ಕೇವಲ 247 ಅಕ್ಷರಗಳ ಆರ್‌ಎನ್‌ಎ ಉಂಗುರ. ಯಾವ ಪ್ರೋಟೀನಿನ ನೆರವೂ ಇಲ್ಲದೆ ಆ ಆರ್‌ಎನ್‌ಎ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ ಎಂದು 1986ರಲ್ಲಿ ಅವರ ತಂಡ ತೋರಿಸಿತು. ಮರುವರ್ಷ ಶಿಷ್ಯ ಆಂಟನಿ ಫಾರ್ಸ್ಟರ್ ಜೊತೆ ‘ಸೆಲ್’ ಜರ್ನಲ್‌ನಲ್ಲಿ ಬರೆದ ಲೇಖನ ಅಂಥ ಕತ್ತರಿ ಜಾಗದ ರಚನೆಯನ್ನು ಮುಂದಿಟ್ಟಿತು. ಹ್ಯಾಮರ್‌ಹೆಡ್ ರೈಬೊಜೈಮ್ ಎಂದು ಹೆಸರಾದ ಆ ರಚನೆ ಇಂದು ಪಠ್ಯಪುಸ್ತಕದ ಸಂಗತಿ. ಅದರ ಬಗ್ಗೆ ಬರೆಯುವ ಎಷ್ಟೋ ಮಂದಿ ಮೂಲ ಲೇಖನವನ್ನು ಹೆಸರಿಸುವ ಗೋಜಿಗೆ ಹೋಗುವುದಿಲ್ಲ. ಗೆದ್ದ ವಿಚಾರ ಎಲ್ಲರ ಸೊತ್ತಾಗಿ ಉಲ್ಲೇಖವನ್ನು ಕಳೆದುಕೊಳ್ಳುವ ಈ ವಿಚಿತ್ರವನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಹಿಂದೆಯೇ ಗುರುತಿಸಿದ್ದರು. ಇದರ ಜೊತೆಗೆ ಸೈಮನ್ಸ್ ಲ್ಯಾಬು ವಿಕಿರಣಶೀಲ ರಂಜಕದ ಗುರುತಿದ್ದ ನ್ಯೂಕ್ಲಿಯೋಟೈಡುಗಳನ್ನು ತಯಾರಿಸಿ ಆಸ್ಟ್ರೇಲಿಯಾದ ಇತರ ಲ್ಯಾಬುಗಳಿಗೆ ಒದಗಿಸಿತು. ಎಷ್ಟು ಜನರ ಪ್ರಯೋಗ ಅದರಿಂದ ನಡೆಯಿತೋ! ಆ ಕೆಲಸಕ್ಕೆ ಎಚ್-ಇಂಡೆಕ್ಸಿನಲ್ಲಿ ಸೊನ್ನೆ.

ಪರ್ತ್‌ನ ರಯಾನ್ ಲಿಸ್ಟರ್ ಅವರದು ಇದಕ್ಕೆ ತದ್ವಿರುದ್ಧ. ಅವರು ಮೊದಲ ಲೇಖಕರಾಗಿದ್ದ 2009ರ ‘ನೇಚರ್’ ಲೇಖನಕ್ಕೆ ಸಾವಿರಾರು ಉಲ್ಲೇಖಗಳಿವೆ. ಮನುಷ್ಯನ ಡಿಎನ್‌ಎ ಮೇಲೆ ಮೀಥೈಲ್ ಗುರುತುಗಳು ಎಲ್ಲೆಲ್ಲಿ ಕೂತಿವೆ ಎಂದು ಅಕ್ಷರಅಕ್ಷರವಾಗಿ ತೋರಿಸಿದ ಮೊದಲ ನಕಾಶೆ ಅದು. ಭ್ರೂಣದ ಸ್ಟೆಮ್ ಸೆಲ್‌ಗಳಲ್ಲಿ ಈ ಗುರುತುಗಳ ಸುಮಾರು ಕಾಲುಭಾಗ, ಇರಬೇಕೆಂದು ಎಲ್ಲರೂ ನಂಬಿದ್ದ ಸಿ-ಜಿ ಜೋಡಿಯ ಹೊರಗೇ ಕಂಡದ್ದು ನಿಜವಾದ ಅಚ್ಚರಿ. ಉಲ್ಲೇಖಗಳು ಅರ್ಹವೇ, ಅನುಮಾನವಿಲ್ಲ. ಆದರೆ ನಕಾಶೆಗೆ ಉಲ್ಲೇಖ ಹೆಚ್ಚು, ಏಕೆಂದರೆ ಬಳಸಿದವರೆಲ್ಲ ಹೆಸರಿಸಲೇಬೇಕು. ಮೇಲಾಗಿ ಆ ಕೆಲಸ ನಡೆದದ್ದು ಕ್ಯಾಲಿಫೋರ್ನಿಯಾದ ಸಾಕ್ ಸಂಸ್ಥೆಯಲ್ಲಿ, ಜೋಸೆಫ್ ಎಕರ್ ಲ್ಯಾಬಿನಲ್ಲಿ. ಪಿಎಚ್‌ಡಿ ಮಾಡಿದ ಪರ್ತ್‌ಗೆ ಲಿಸ್ಟರ್ ಮರಳಿದಾಗ ಅಂಕಗಳೂ ಜೊತೆಗೆ ಬಂದವು. ಎಕರ್ ಪಟ್ಟಿಯಲ್ಲೂ ಅವು ಇಡಿಯಾಗಿಯೇ ಉಳಿದಿವೆ. ಪಾಲು ಮಾಡುವ ಪದ್ಧತಿ ಇಲ್ಲ.

ಎಣಿಕೆಯ ಈ ಕೊರತೆಗಳು ಆಸ್ಟ್ರೇಲಿಯಾಕ್ಕೆ ತಿಳಿಯದ್ದೇನಲ್ಲ. 2010ರ ರಾಷ್ಟ್ರೀಯ ಮೌಲ್ಯಮಾಪನಕ್ಕಾಗಿ ಮಾಡಿದ್ದ ಜರ್ನಲ್ ಶ್ರೇಣಿಗಳನ್ನು ಮರುವರ್ಷವೇ ಕೈಬಿಡಲಾಯಿತು. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಎನ್‌ಎಚ್‌ಎಂಆರ್‌ಸಿ ಈಗ ತನ್ನ ಇನ್ವೆಸ್ಟಿಗೇಟರ್ ಗ್ರಾಂಟ್‌ಗೆ ಇಡೀ ಪಟ್ಟಿ ಕೇಳುವುದಿಲ್ಲ. ಕಳೆದ ಹತ್ತು ವರ್ಷಗಳ ಹತ್ತು ಲೇಖನ ಆರಿಸಿ, ಅವು ಏಕೆ ಮುಖ್ಯ ಎಂದು ಬರೆಯಿರಿ ಎನ್ನುತ್ತದೆ. ಎಣಿಸುವ ಬದಲು ಓದುವಂತೆ ಮಾಡುವ ಈ ಕ್ರಮ ಖಂಡಿತ ಮೇಲು. ಬ್ರಿಸ್ಬೇನಿನ ಲೇಖನವನ್ನು ಇದಕ್ಕೆ ಹಚ್ಚಿ ನೋಡಿದರೆ ಮಾತ್ರ ತೊಡಕು ಕಾಣುತ್ತದೆ. 1999ರಲ್ಲಿ ಝೌ ತೀರಿಕೊಂಡಾಗ ಲಸಿಕೆಗೆ ಪರವಾನಗಿ ಸಿಕ್ಕಿರಲಿಲ್ಲ. 2006ರಲ್ಲಿ ಅದು ಸಿಕ್ಕಾಗ, ಈ ನಿಯಮದ ಪ್ರಕಾರ 1991ರ ಏಳು ಪುಟಗಳು ಹತ್ತು ವರ್ಷದ ಗೆರೆಯಿಂದ ಐದು ವರ್ಷ ಆಚೆಗಿದ್ದವು.