‘ವರದಿ ಇದ್ದಲ್ಲಿ’: ಪರಿವೀಕ್ಷಣಾ ಕಾಯಿದೆಯ ಒಂದು ವಿಮರ್ಶೆ

ಅಪರಾಧಿಯನ್ನು ಸೆರೆಮನೆಗೆ ಕಳುಹಿಸದೆ, ಅವನಿಂದ ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡು, ಅವನ ಊರಿನಲ್ಲಿಯೇ ಒಬ್ಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಇರಿಸುವ ಪದ್ಧತಿಗೆ ಪ್ರೊಬೇಷನ್ ಎಂದು ಹೆಸರು. ಕಚೇರಿಯ ಕನ್ನಡದಲ್ಲಿ ಇದನ್ನು ಪರಿವೀಕ್ಷಣೆ ಎನ್ನುವುದುಂಟು. ನಮ್ಮ ದೇಶದಲ್ಲಿ ಇದಕ್ಕೆ ಮುಖ್ಯ ಆಧಾರವಾದುದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ಅದರ ಉದ್ದೇಶವು ಉದಾರವಾದುದೆಂಬುದು ನಿರ್ವಿವಾದ. ಆದರೆ ಒಂದು ಶಾಸನವನ್ನು ಅದರ ಉದ್ದೇಶದಿಂದ ಮಾತ್ರವೇ ಅಳೆಯುವುದು ವಿಮರ್ಶೆಯೆನಿಸದು. ಅದರ ವಾಕ್ಯಗಳು ಏನನ್ನು ವಿಧಿಸುತ್ತವೆ, ಏನನ್ನು ಸಡಿಲ ಬಿಡುತ್ತವೆ ಎಂಬುದನ್ನೂ ನೋಡಬೇಕು. ಈ ಲೇಖನದಲ್ಲಿ ನಾವು ಮಾಡಹೊರಟಿರುವುದು ಇಷ್ಟನ್ನೇ.

ಪರೀಕ್ಷೆಗೆ ಒಂದು ನೆಲ ಬೇಕು. ಅದಕ್ಕಾಗಿ ಬೀದರ ಜಿಲ್ಲೆಯ ಔರಾದ ಸೀಮೆಯ ಠಾಣಾ ಕುಶನೂರನ್ನು ಆರಿಸಿಕೊಂಡಿದ್ದೇವೆ. ಈ ಸೀಮೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದಿತು. ಮಹಾರಾಷ್ಟ್ರದ ಗಡಿ ಇಲ್ಲಿಗೆ ಸಮೀಪ. ಉದಗೀರ, ದೇಗಲೂರುಗಳೊಡನೆ ಬೀಗತನವೂ ವ್ಯಾಪಾರವೂ ಉಂಟು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಮಳೆ ತಪ್ಪಿದ ವರ್ಷ ಕೂಲಿಗಾಗಿ ಹೈದರಾಬಾದಿಗೋ ಪುಣೆಗೋ ಹೊರಡುವ ಸಂಸಾರಗಳು ಈ ಭಾಗದಲ್ಲಿ ಕಡಿಮೆಯಲ್ಲ. ಊರಿನ ಹೆಸರಿನಲ್ಲಿಯೇ ‘ಠಾಣಾ’ ಸೇರಿಕೊಂಡಿದೆ. ರಾಜಧಾನಿಯಲ್ಲಿ ರಚಿತವಾದ ಕಾಯಿದೆಯೊಂದು ಇಂಥಲ್ಲಿ ನಡೆದರೆ ಎಲ್ಲಿಯೂ ನಡೆದೀತು.

ಮೊದಲು ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. 1841ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಪಾದರಕ್ಷೆ ಹೊಲಿಯುವ ಕಸುಬಿನ ಜಾನ್ ಆಗಸ್ಟಸ್ ಎಂಬಾತನು ಕುಡುಕನೊಬ್ಬನಿಗೆ ಜಾಮೀನು ನಿಂತು, ಅವನನ್ನು ತಿದ್ದಿ, ಮೂರು ವಾರಗಳ ಅನಂತರ ಮರಳಿ ನ್ಯಾಯಾಧೀಶರ ಮುಂದೆ ನಿಲ್ಲಿಸಿದನು. ಸೆರೆವಾಸದ ಬದಲು ಒಂದು ಸೆಂಟಿನ ನಾಮಮಾತ್ರ ದಂಡವಾಯಿತು. 1859ರಲ್ಲಿ ತೀರಿಕೊಳ್ಳುವವರೆಗೆ ಆತನು ಹೀಗೆ ಹೊಣೆ ಹೊತ್ತವರ ಸಂಖ್ಯೆ ಎರಡು ಸಾವಿರಕ್ಕೆ ಸಮೀಪ. 1878ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವೂ 1907ರಲ್ಲಿ ಇಂಗ್ಲೆಂಡೂ ಇದಕ್ಕೆ ಶಾಸನದ ರೂಪ ಕೊಟ್ಟವು. ಭಾರತದಲ್ಲಿ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 562ನೆಯ ಕಲಮು ಮೊದಲ ಸಲ ತಪ್ಪಿದವರನ್ನು ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶವಿತ್ತಿತು. ಆದರೆ ಅಲ್ಲಿ ಮುಚ್ಚಳಿಕೆಯಿದ್ದಿತೇ ಹೊರತು ಆಗಸ್ಟಸನಂಥ ಮನುಷ್ಯನಿರಲಿಲ್ಲ. 1930ರ ದಶಕದಲ್ಲಿ ಮದರಾಸು, ಮುಂಬಯಿ ಮೊದಲಾದ ಪ್ರಾಂತಗಳ ಕಾಯಿದೆಗಳೂ ತರುವಾಯ ಇಡೀ ದೇಶವನ್ನು ಉದ್ದೇಶಿಸಿದ 1958ರ ಕಾಯಿದೆಯೂ ಆ ಮನುಷ್ಯನನ್ನು ತಂದು ನಿಲ್ಲಿಸಿದವು. ಅವನೇ ಪರಿವೀಕ್ಷಣಾಧಿಕಾರಿ.

ಅವನ ಕರ್ತವ್ಯಗಳನ್ನು 14ನೆಯ ಕಲಮು ಹೇಳುತ್ತದೆ. ನ್ಯಾಯಾಲಯವು ಸೂಚಿಸಿದಾಗ ಆರೋಪಿಯ ಪರಿಸ್ಥಿತಿಯನ್ನೂ ಮನೆಯ ಸುತ್ತುಮುತ್ತನ್ನೂ ವಿಚಾರಿಸಿ ವರದಿ ಕೊಡುವುದು. ಬಿಡುಗಡೆಯಾದವರ ಮೇಲ್ವಿಚಾರಣೆ ನಡೆಸಿ, ಅವಶ್ಯಬಿದ್ದರೆ ಉದ್ಯೋಗ ದೊರಕಿಸಲು ಯತ್ನಿಸುವುದು. ವಿಧಿಸಿದ ಪರಿಹಾರಧನವನ್ನು ತೆರಲು ಸಲಹೆ ಸಹಾಯ ನೀಡುವುದು. ಇಷ್ಟನ್ನು ಓದಿದವರಿಗೆ ಈ ಅಧಿಕಾರಿಯೇ ಕಾಯಿದೆಯ ಜೀವಾಳವೆಂದು ತೋರುವುದು ಸಹಜ.

ಆದರೆ 4ನೆಯ ಕಲಮನ್ನು ಮೆಲ್ಲಗೆ ಓದಬೇಕು. ಮರಣದಂಡನೆಗೂ ಜೀವಾವಧಿ ಸೆರೆಗೂ ಒಳಪಡದ ಅಪರಾಧ ಮಾಡಿದವನನ್ನು, ಅಪರಾಧದ ಸ್ವರೂಪವನ್ನೂ ಅವನ ಶೀಲವನ್ನೂ ಗಮನಿಸಿ, ಮೂರು ವರ್ಷ ಮೀರದ ಅವಧಿಯ ಮುಚ್ಚಳಿಕೆಯ ಮೇಲೆ ಬಿಡಬಹುದೆಂದು ಮೊದಲ ಉಪಕಲಮು ಹೇಳುತ್ತದೆ. ಹೀಗೆ ಬಿಡುವ ಮುನ್ನ ನ್ಯಾಯಾಲಯವು ಪರಿವೀಕ್ಷಣಾಧಿಕಾರಿಯ ವರದಿಯನ್ನು, ‘ಇದ್ದಲ್ಲಿ’, ಪರಿಶೀಲಿಸತಕ್ಕದ್ದೆಂಬುದು ಎರಡನೆಯದರ ತಾತ್ಪರ್ಯ. ಮೂರನೆಯದರಂತೆ ಮೇಲ್ವಿಚಾರಣೆಯ ಆಜ್ಞೆಯನ್ನು ಹೊರಡಿಸುವುದೂ ನ್ಯಾಯಾಲಯದ ಇಚ್ಛೆಗೆ ಸೇರಿದುದು. ಹೊರಡಿಸಿದರೆ ಮಾತ್ರ ಅದು ಒಂದು ವರ್ಷಕ್ಕೆ ಕಡಿಮೆಯಾಗಕೂಡದು. ಇಪ್ಪತ್ತೊಂದು ವರ್ಷ ತುಂಬದವರ ವಿಷಯದಲ್ಲಿ 6ನೆಯ ಕಲಮು ವರದಿಯನ್ನು ತರಿಸಲೇಬೇಕೆನ್ನುತ್ತದೆ. ಆದರೆ ಅಲ್ಲಿಯೂ ಪರಿಶೀಲಿಸುವ ಮಾತು ಬಂದಾಗ ಅದೇ ‘ಇದ್ದಲ್ಲಿ’ ಕಾಣಿಸಿಕೊಳ್ಳುತ್ತದೆ. ಹೀಗಿರಲು, ವರದಿಯೂ ಇಲ್ಲದೆ ಮೇಲ್ವಿಚಾರಣೆಯೂ ಇಲ್ಲದೆ, ಕೇವಲ ಮುಚ್ಚಳಿಕೆಯಿಂದಲೇ ಪರಿವೀಕ್ಷಣೆ ಮುಗಿದುಹೋಗಲು ಕಾಯಿದೆಯೇ ದಾರಿ ಬಿಟ್ಟಿದೆ. 1958ರ ಶಾಸನವು ಒಂದೇ ಮಾತಿನ ಬಾಗಿಲಿನಿಂದ 1898ಕ್ಕೆ ಮರಳುತ್ತದೆ.

ಈ ಮಾತಿಗೆ ಸಮರ್ಥನೆ ಇಲ್ಲದಿಲ್ಲ. ಅಧಿಕಾರಿಯ ವಿಳಂಬಕ್ಕಾಗಿ ಅಪರಾಧಿ ಸೆರೆಮನೆಗೆ ಹೋಗಬಾರದು. ವರದಿ ಬಾರದಿದ್ದರೂ ಉಳಿದ ಸಾಕ್ಷ್ಯವನ್ನು ನೋಡಿ ಬಿಡಲು ನ್ಯಾಯಾಧೀಶರಿಗೆ ಸ್ವಾತಂತ್ರ್ಯವಿರಲಿ ಎಂಬುದು ಆ ಸಮರ್ಥನೆ. ಅದು ಒಪ್ಪತಕ್ಕದ್ದೇ. ಆದರೆ ಒಬ್ಬನಿಗೆ ಉಪಕಾರವಾದ ವಿನಾಯಿತಿಯು ರೂಢಿಯಾದರೆ ಪದ್ಧತಿಯೇ ಟೊಳ್ಳಾಗುತ್ತದೆ ಎಂಬುದನ್ನು ಮರೆಯಲಾಗದು.

ಠಾಣಾ ಕುಶನೂರಿನ ಇಪ್ಪತ್ತೆರಡು ವರ್ಷದ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ನೆರೆಯ ಹೊಲದ ಬಾವಿಯಿಂದ ನೀರೆತ್ತುವ ಮೋಟಾರನ್ನು ಕದ್ದನೆಂದು ಅಪರಾಧ ಸಿದ್ಧವಾಗಿದೆ; ಹಿಂದೆ ಶಿಕ್ಷೆಯಾದುದಿಲ್ಲ. ವಯಸ್ಸು ಇಪ್ಪತ್ತೊಂದನ್ನು ದಾಟಿರುವುದರಿಂದ ವರದಿ ತರಿಸುವುದು ಕಡ್ಡಾಯವಲ್ಲ. ಕಡತದಲ್ಲಿರುವುದು ಪಂಚನಾಮೆ, ಸಾಕ್ಷಿಗಳ ಹೇಳಿಕೆ, ಮೋಟಾರಿನ ಬೆಲೆ. ಅವನ ತಂದೆಯ ಸಾಲವೆಷ್ಟು, ಕುಡಿತವುಂಟೋ, ಫಿರ್ಯಾದಿಯ ಮನೆಗೂ ಇವನ ಮನೆಗೂ ಬದುವಿನ ಜಗಳವಿದ್ದಿತೋ, ಬೇಸಗೆಯಲ್ಲಿ ಅವನು ಎಲ್ಲಿ ಕೂಲಿ ಮಾಡುತ್ತಾನೆ, ಇವುಗಳಲ್ಲಿ ಒಂದೂ ಅದರಲ್ಲಿರಬೇಕೆಂಬ ನಿಯಮವಿಲ್ಲ. ಶೀಲವನ್ನು ಗಮನಿಸಬೇಕೆಂದು ಕಾಯಿದೆ ಹೇಳುತ್ತದೆ. ಶೀಲವನ್ನು ತಿಳಿಯುವ ಸಾಧನವನ್ನು ಐಚ್ಛಿಕವಾಗಿಸಿದೆ. ಇದೊಂದು ಅಂತರ್ವಿರೋಧ. ವರದಿ ಬರೆಯುವವನಿಗೂ ಇಲ್ಲಿ ಸುಲಭವಿಲ್ಲ. ತಾಯಿ ಮರಾಠಿಯಲ್ಲಿಯೋ ಲಂಬಾಣಿಯಲ್ಲಿಯೋ ಹೇಳಿದುದನ್ನು ಕಚೇರಿಯ ಕನ್ನಡಕ್ಕೆ ತರುವಾಗ ಅವಳ ಸಂಕಟವು ‘ಕೌಟುಂಬಿಕ ಪರಿಸ್ಥಿತಿ ಸಾಧಾರಣ’ ಎಂಬ ಒಂದು ಸಾಲಾಗಿ ಒಣಗಿಹೋಗಬಹುದು.

ಇನ್ನೊಂದು ತೊಡಕು ವಾಸಸ್ಥಳದ್ದು. ಅಪರಾಧಿಗಾಗಲಿ ಅವನ ಜಾಮೀನುದಾರನಿಗಾಗಲಿ ನ್ಯಾಯಾಲಯದ ವ್ಯಾಪ್ತಿಯಲ್ಲಿ, ಇಲ್ಲವೆ ಅಪರಾಧಿಯು ಮುಚ್ಚಳಿಕೆಯ ಅವಧಿಯಲ್ಲಿ ವಾಸಿಸಬಹುದಾದ ಸ್ಥಳದಲ್ಲಿ, ಸ್ಥಿರವಾದ ಮನೆಯೋ ನಿಯತವಾದ ಉದ್ಯೋಗವೋ ಇರಬೇಕೆಂದು ಕಾಯಿದೆ ಕೇಳುತ್ತದೆ. ಹೊಲವುಳ್ಳವನಿಗೆ ಇದು ಕಷ್ಟವಲ್ಲ. ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟುವವನಿಗೆ ಜಾಮೀನುದಾರನನ್ನು ಹುಡುಕುವುದೇ ಮೊದಲ ಶಿಕ್ಷೆ. ಅಪರಾಧಿಯು ಸದ್ಯ ವಾಸಿಸುವ ಜಿಲ್ಲೆಯ ಮ್ಯಾಜಿಸ್ಟ್ರೇಟರು ಯಾವಾಗ ಬೇಕಾದರೂ ಬೇರೊಬ್ಬ ಅಧಿಕಾರಿಯನ್ನು ನೇಮಿಸಬಹುದೆಂದು 13ನೆಯ ಕಲಮಿನಲ್ಲಿ ಉಂಟು. ಕೂಲಿಗಾಗಿ ಊರು ಬಿಟ್ಟವನ ಬೆನ್ನಿಗೆ ಈ ವ್ಯವಸ್ಥೆ ಹೋಗಬೇಕಾದರೆ ಅವನು ಎಲ್ಲಿಗೆ ಹೋದನೆಂಬುದನ್ನು ಬಲ್ಲವನೊಬ್ಬನು ಊರಿನಲ್ಲಿರಬೇಕು.

ಊರಿನಲ್ಲಿ ಬಲ್ಲವರೆಂದರೆ ಪೊಲೀಸರಲ್ಲವೆ ಎಂದು ಕೇಳಬಹುದು. ಇಲ್ಲಿ ಎಚ್ಚರ ಅವಶ್ಯ. ಕಾವಲು ಬೇರೆ, ಮೇಲ್ವಿಚಾರಣೆ ಬೇರೆ. 1871ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಆರಂಭವಾಗಿ 1952ರಲ್ಲಿ ರದ್ದಾದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಗಳ ಕೆಳಗೆ ಹುಟ್ಟಿನ ಕಾರಣದಿಂದಲೇ ಜನರು ಹಾಜರಿ ಕೊಡಬೇಕಾಗಿದ್ದಿತು. ಹಾಜರಿ ಸಂಶಯದಿಂದ ಹುಟ್ಟಿದುದು, ಪರಿವೀಕ್ಷಣೆ ವಿಶ್ವಾಸದಿಂದ. ಬಿಡುಗಡೆಯಾದವನು ತಿಂಗಳಿಗೊಮ್ಮೆ ಠಾಣೆಗೆ ಬಂದು ಹೆಬ್ಬೆಟ್ಟು ಒತ್ತಿ ಹೋಗುವುದೇ ಮೇಲ್ವಿಚಾರಣೆಯೆನಿಸಿದರೆ, ಹೊಸ ಹೆಸರಿನಲ್ಲಿ ಹಳೆಯ ಹಾಜರಿಯೇ ನಡೆದಂತಾಯಿತು.

ನೊಂದವರ ಪಕ್ಷವನ್ನೂ ಬಿಡಲಾಗದು. 1964ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ರತನ್ ಲಾಲ್ ಮೊಕದ್ದಮೆಯಲ್ಲಿ ಅಪರಾಧಿ ಹದಿನಾರರ ಹುಡುಗ. ಮನೆಗೆ ಅತಿಕ್ರಮಿಸಿ ಏಳು ವರ್ಷದ ಬಾಲೆಯ ಮಾನಕ್ಕೆ ಧಕ್ಕೆ ತಂದವನು. ವಿಚಾರಣೆಯ ಅನಂತರ ಆ ಪ್ರದೇಶದಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಯೋಜನವನ್ನೂ ಮೇಲಿನ ನ್ಯಾಯಾಲಯಗಳು ಕೊಡಬಹುದೆಂದು ಬಹುಮತದ ತೀರ್ಪು ಬಂದಿತು. ಶಾಸ್ತ್ರದ ದೃಷ್ಟಿಯಿಂದ ಇದು ಮಹತ್ವದ ತೀರ್ಪು. ಆದರೆ ಕಾಯಿದೆಯಲ್ಲಿ ಆ ಬಾಲೆಯ ಮನೆಯನ್ನು ವಿಚಾರಿಸಿ ಬಾ ಎಂದು ಅಧಿಕಾರಿಗೆ ಹೇಳುವ ಕಲಮಿಲ್ಲ. 5ನೆಯ ಕಲಮಿನ ಪರಿಹಾರಧನವೊಂದೇ ನೊಂದವರ ಕಡೆಗೆ ತೆರೆದ ಕಿಟಕಿ. ಅಪರಾಧಿ ಅದೇ ಓಣಿಗೆ ಹಿಂದಿರುಗುವ ಹಳ್ಳಿಯಲ್ಲಿ ಇದು ಸಾಲದು. ವಿಚಾರಿಸದೆ ಬಿಟ್ಟ ಬಿಡುಗಡೆಯನ್ನು ಊರು ನ್ಯಾಯವೆಂದು ಕಾಣದು. ವಶೀಲಿಯ ಫಲವೆಂದು ಕಂಡೀತು.

ಪರಿಹಾರದ ಬೀಜವೂ ಕಾಯಿದೆಯಲ್ಲಿಯೇ ಇದೆ. 13ನೆಯ ಕಲಮಿನಂತೆ ಸರಕಾರವು ನೇಮಿಸಿದ ಅಥವಾ ಮಾನ್ಯಮಾಡಿದ ಅಧಿಕಾರಿ ಮಾತ್ರವಲ್ಲ, ಮಾನ್ಯತೆ ಪಡೆದ ಸಂಘವು ಒದಗಿಸಿದವನೂ, ಅಸಾಧಾರಣ ಸಂದರ್ಭದಲ್ಲಿ ನ್ಯಾಯಾಲಯಕ್ಕೆ ಯೋಗ್ಯನೆಂದು ತೋರಿದ ಬೇರೆ ಯಾವನೂ ಪರಿವೀಕ್ಷಣಾಧಿಕಾರಿಯಾಗಬಹುದು. ಬೋಸ್ಟನ್ನಿನ ಕಸುಬುದಾರನಿಗೆ ನಮ್ಮ ಶಾಸನದಲ್ಲಿಯೂ ಸ್ಥಾನವುಂಟೆಂದಾಯಿತು. ನಿವೃತ್ತ ಉಪಾಧ್ಯಾಯನೊಬ್ಬನು ಈ ಕೆಲಸಕ್ಕೆ ಒದಗಬಹುದು. ಆದರೆ ಊರಿನವನೆಂದೊಡನೆ ಊರಿನ ಜಾತಿ, ಪಕ್ಷಗಳೂ ಜತೆಗೆ ಬರುತ್ತವೆ. 1961ರ ಕಾಯಿದೆಯು ವಂಶಪಾರಂಪರ್ಯದ ಪಾಟೀಲಿಕೆಯನ್ನು ತೆಗೆದುಹಾಕಿತು. ಅದನ್ನೇ ಹಿತ್ತಲ ಬಾಗಿಲಿನಿಂದ ಕರೆತರಬಾರದು. ಆದಕಾರಣ ಊರಿನವನು ವೃತ್ತಿನಿರತ ಅಧಿಕಾರಿಗೆ ಸಹಾಯಕನಾಗಿರಲಿ, ಬದಲಿಯಾಗದಿರಲಿ.

ಈ ಪ್ರಶ್ನೆ ಹಳೆಯದಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಸಮುದಾಯ ಸೇವೆಯನ್ನು ಶಿಕ್ಷೆಗಳ ಸಾಲಿನಲ್ಲಿ ಸೇರಿಸಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಕದ್ದು ಮೊದಲ ಸಲ ಅಪರಾಧಿಯೆನಿಸಿದವನು ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಈ ಶಿಕ್ಷೆಯಾಗತಕ್ಕದ್ದು. ಸಮುದಾಯಕ್ಕೆ ಹಿತವಾದ, ಸಂಬಳವಿಲ್ಲದ ಕೆಲಸವೆಂದು ನಾಗರಿಕ ಸುರಕ್ಷಾ ಸಂಹಿತೆಯ 23ನೆಯ ಕಲಮು ಅದನ್ನು ವಿವರಿಸುತ್ತದೆ. ಕೆಲಸವನ್ನು ನೋಡಿಕೊಳ್ಳುವವನು ಯಾರೆಂದು ಆ ವಿವರಣೆ ಹೇಳುವುದಿಲ್ಲ. ಇಲ್ಲಿಯೂ ವಿಧಿಯುಂಟು, ಮನುಷ್ಯನಿಲ್ಲ.

ನಮ್ಮ ಸೂಚನೆ ಚಿಕ್ಕದು. ‘ಇದ್ದಲ್ಲಿ’ ಎಂಬುದನ್ನು ಅಳಿಸಬೇಕಾಗಿಲ್ಲ. ಅಳಿಸಿದರೆ ಬಡವನೇ ಕಾಯುತ್ತ ಕೂಡಬೇಕಾದೀತು. ಬಿಡಬಹುದಾದವನನ್ನು ಬಿಡದಿದ್ದರೆ ವಿಶೇಷ ಕಾರಣಗಳನ್ನು ಬರೆಯಬೇಕೆಂದು 1973ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 361ನೆಯ ಕಲಮಿನಲ್ಲಿದ್ದಿತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 402ನೆಯದರಲ್ಲಿದೆ. ಅದೇ ರೀತಿ, ವರದಿಯಿಲ್ಲದೆ ಬಿಡುವಾಗಲೂ ವರದಿ ಏಕಿಲ್ಲವೆಂಬುದನ್ನು ತೀರ್ಪಿನಲ್ಲಿ ಬರೆಯುವ ನಿಯಮವಾಗಲಿ. ಆಗ ಇಲ್ಲದ ಅಧಿಕಾರಿಯ ಲೆಕ್ಕವಾದರೂ ತೀರ್ಪುಗಳಲ್ಲಿ ಉಳಿಯುವುದು. ಔರಾದ, ಭಾಲ್ಕಿ, ಬೀದರಗಳ ನ್ಯಾಯಾಲಯಗಳ ತೀರ್ಪುಗಳನ್ನು ಈ ಒಂದು ಪ್ರಶ್ನೆಯನ್ನಿಟ್ಟುಕೊಂಡು ಓದುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಕೈಕೊಳ್ಳಬಹುದು. ಮುಚ್ಚಳಿಕೆಗೆ ಸಹಿ ಹಾಕಿ ಊರಿಗೆ ಹಿಂದಿರುಗಿದವನನ್ನು ಮರುದಿನ ಮಾತನಾಡಿಸಿದವರು ಯಾರಾದರೂ ಇದ್ದರೇ ಎಂಬುದೇ ಆ ಪ್ರಶ್ನೆಯ ತಿರುಳು.