ಇಪ್ಪತ್ತೈದು ದೀಪಗಳ ಗಣಿತ

2016ರಲ್ಲಿ ಬ್ರಿಟನ್ನಿನ ಹನ್ನೊಂದು-ಹನ್ನೆರಡರ ಪ್ರಾಯದ ಮಕ್ಕಳಿಗೆ ಬಿಬಿಸಿ ಪುಕ್ಕಟೆಯಾಗಿ ಹಂಚಿದ ಮೈಕ್ರೋಬಿಟ್, ಬೆಂಕಿಪೊಟ್ಟಣಕ್ಕಿಂತ ತುಸುವೇ ದೊಡ್ಡದು. ಸಾಲಿಗೆ ಐದರಂತೆ 25 ಎಲ್‌ಇಡಿ ದೀಪ, ಎರಡು ಬಟನ್, ಒಳಗೊಂದು ವೇಗೋತ್ಕರ್ಷ ಮಾಪಕ. ಕೋಡಿಂಗ್ ಕಲಿಸಲೆಂದು ಹುಟ್ಟಿದ ಈ ಸಾಧನ ಈಗ ಗಣಿತದ ತರಗತಿಗೂ ಬಂದಿದೆ. ಬರಲಿ. ನನ್ನ ತಕರಾರು ಇರುವುದು ಅಲ್ಲಿ ಅದರಿಂದ ಮಾಡಿಸುವ ಕೆಲಸದ ಬಗ್ಗೆ.

ಅಲುಗಿಸಿದರೆ ಒಂದರಿಂದ ಆರರೊಳಗಿನ ಅಂಕಿ ತೋರಿಸುವ ಪಾಠವನ್ನೇ ನೋಡಿ. ಅಷ್ಟಕ್ಕೇ ನಿಂತರೆ ಅದು ದುಬಾರಿ ದಾಳ. ಅದನ್ನೇ ಆರುನೂರು ಸಲ ಉರುಳಿಸಿ, ಪ್ರತಿ ಅಂಕಿಯೂ ಸರಿಯಾಗಿ ನೂರು ಸಲವೇ ಯಾಕೆ ಬೀಳಲಿಲ್ಲ ಎಂದು ಕೇಳಿದಾಗ ಸಂಭವನೀಯತೆ ಶುರುವಾಗುತ್ತದೆ.

ಮಾಪಕದ ಕತೆ ಇನ್ನೂ ಸೊಗಸು. ಸಾಧನವನ್ನು ಹೇಗೆ ಬೇಕಾದರೂ ವಾಲಿಸಿ ಅಲುಗದಂತೆ ಹಿಡಿಯಿರಿ. ಎಕ್ಸ್, ವೈ, ಝಡ್ ಬೆಲೆಗಳು ಪ್ರತಿಸಲವೂ ಬೇರೆ. ಮೂರರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಮಾತ್ರ ಯಾವಾಗಲೂ ಸಾವಿರದ ಆಸುಪಾಸು. ಅದು ಭೂಮಿಯ ಸೆಳೆತ, ಮಿಲಿ-ಜಿ ಲೆಕ್ಕದಲ್ಲಿ. ಪೈಥಾಗೊರಸನ ಪ್ರಮೇಯ ಮೂರನೇ ಆಯಾಮಕ್ಕೆ ಏರುವುದನ್ನು ಮಗು ಅಂಗೈಯಲ್ಲೇ ಕಾಣಬಹುದು. ಆದರೆ ಈ ಸಾಧನಕ್ಕೆ ಕೋಡ್ ಜೋಡಿಸುವ ಮೇಕ್‌ಕೋಡ್ ತಾಣದ ಬ್ಲಾಕಿನಲ್ಲಿ ಆ ಮೂರರ ಜತೆಗೆ ‘ಸ್ಟ್ರೆಂತ್’ ಎಂಬ ನಾಲ್ಕನೇ ಆಯ್ಕೆಯನ್ನೂ ಇಟ್ಟಿದ್ದಾರೆ. ಆರಿಸಿದರೆ ಉತ್ತರ ಸಿದ್ಧ, ವರ್ಗವೂ ಇಲ್ಲ, ಮೂಲವೂ ಇಲ್ಲ. ಸೆಮೋರ್ ಪಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ರೂಪಿಸಿದ ಲೋಗೋ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಹೇಳಿದಂತೆ ಚಲಿಸಿ ಗೆರೆ ಎಳೆಯುವ ಆಮೆಗೆ ತ್ರಿಭುಜ ಬರೆಯುವ ಸಿದ್ಧ ಆಜ್ಞೆ ಇರಲಿಲ್ಲ. 60 ಡಿಗ್ರಿ ತಿರುಗಿಸಿದ ಮಗುವಿಗೆ ಷಡ್ಭುಜ ಸಿಗುತ್ತಿತ್ತು. ತಿರುಗಬೇಕಾದ್ದು 120 ಎಂದು ತಾನೇ ಕಂಡುಕೊಳ್ಳಬೇಕಿತ್ತು. ಆ ಹಟ ಇಲ್ಲಿ ಸಡಿಲಾಗಿದೆ.

2020ರ ಆವೃತ್ತಿಗೆ ಸ್ಪೀಕರ್, ಮೈಕು ಸೇರಿದವು. ಗಣಿತದ ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚು ಒದಗುವುದು ಸಾಧನದ ಕೊರತೆಗಳೇ ಎಂದು ನನಗನ್ನಿಸುತ್ತದೆ. ದೀಪಗಳ ನಿರ್ದೇಶಾಂಕ ಸೊನ್ನೆಯಿಂದ ನಾಲ್ಕು. ಮೂಲಬಿಂದು ಎಡಗಡೆ ಮೇಲ್ತುದಿಯಲ್ಲಿ, ವೈ ಬೆಳೆಯುವುದು ಕೆಳಮುಖವಾಗಿ. ಪಠ್ಯಪುಸ್ತಕದ ಏರುರೇಖೆ ಇಲ್ಲಿ ಇಳಿಯುತ್ತದೆ. ಅದನ್ನು ನೆಟ್ಟಗಾಗಿಸಲು ನಾಲ್ಕರಿಂದ ವೈ ಕಳೆಯಬೇಕೆಂದು ಹೊಳೆದವರಿಗೆ ಪ್ರತಿಫಲನದ ಪಾಠ ಅರ್ಧ ಮುಗಿದಂತೆ. ಇನ್ನು ಇಳಿಜಾರು ಅರ್ಧವಿರುವ ರೇಖೆ ಬರೆಯಹೊರಟರೆ, ಎಕ್ಸ್ ಮೂರಾದಾಗ ವೈ ಒಂದೂವರೆ. ಒಂದೂವರೆಗೆ ಇಲ್ಲಿ ದೀಪವೇ ಇಲ್ಲ. ಮೇಲಿನದನ್ನು ಹಚ್ಚುವುದೋ ಕೆಳಗಿನದನ್ನೋ, ಮಕ್ಕಳೇ ಜಗಳವಾಡಿ ತೀರ್ಮಾನಿಸಬೇಕು.