ಸೆಪ್ಟೆಂಬರ್ ಹದಿನೇಳರ ಅನಂತರ: ಹೈದರಾಬಾದು ವಿಮೋಚನೆಯ ನಾಲ್ಕು ಗ್ರಂಥಗಳನ್ನು ಕುರಿತು

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯು ೧೯೧೮ರ ನವೆಂಬರ್ ೯ರಂದು ಗಣರಾಜ್ಯವಾಯಿತು. ೧೯೩೩ರ ಜನವರಿ ೩೦ರಂದು ಹಿಟ್ಲರನು ಚಾನ್ಸೆಲರ್ ಪದವಿಗೆ ಬಂದನು. ಗಣರಾಜ್ಯವು ಅಲ್ಲಿಗೆ ಮುಗಿಯಿತೆಂದು ಹೇಳಬಹುದು. ಈ ನಡುವಣ ಕಾಲವನ್ನು ಕುರಿತು ಬರೆದವರು ಕೈಸರನ ಪದತ್ಯಾಗದ ಪ್ರಸಂಗದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅರಸನು ಹೋದ ಮೇಲೆ ಪ್ರಜೆಗಳ ಆಳ್ವಿಕೆ ಏಕೆ ನೆಲೆಯೂರಲಿಲ್ಲ ಎಂಬುದೇ ಅವರ ಮುಖ್ಯ ಪ್ರಶ್ನೆ. ೧೯೫೫ರಲ್ಲಿ ಪ್ರಕಟವಾದ ಕಾರ್ಲ್ ಡೀಟ್ರಿಖ್ ಬ್ರಾಖರ್ ಅವರ ದೊಡ್ಡ ಗ್ರಂಥವು ಆ ಗಣರಾಜ್ಯದ ವಿಘಟನೆಯನ್ನೇ ತನ್ನ ಹೆಸರಿನಲ್ಲಿ ಇಟ್ಟುಕೊಂಡಿದೆ. ಹೈದರಾಬಾದು ಸಂಸ್ಥಾನದ ವಿಷಯದಲ್ಲಿ ನಮ್ಮ ಬರೆಹಗಾರರು ಹಿಡಿದಿರುವ ದಾರಿ ಇದಕ್ಕೆ ತೀರ ವಿಪರೀತವಾದುದು. ಜರ್ಮನಿಯ ಚರಿತ್ರಕಾರರು ಎಲ್ಲಿ ಆರಂಭಿಸುತ್ತಾರೆಯೋ ಅಲ್ಲಿಗೆ ನಮ್ಮವರು ಮುಗಿಸುತ್ತಾರೆ. ೧೯೪೮ರ ಸೆಪ್ಟೆಂಬರ್ ೧೭ರಂದು ನಿಜಾಮನ ಸೇನೆ ಶರಣಾಗುತ್ತದೆ, ಧ್ವಜ ಏರುತ್ತದೆ, ಕಥೆ ಮುಗಿಯುತ್ತದೆ.

ಈ ಮಾತನ್ನು ಪರೀಕ್ಷಿಸಲು ನಾವು ನಾಲ್ಕು ಗ್ರಂಥಗಳನ್ನು ತೆಗೆದುಕೊಂಡಿದ್ದೇವೆ: ವಿ. ಪಿ. ಮೆನನ್ ಅವರು ಸಂಸ್ಥಾನಗಳ ಏಕೀಕರಣವನ್ನು ಕುರಿತು ಬರೆದ ೧೯೫೬ರ ಗ್ರಂಥ, ಕೆ. ಎಂ. ಮುನ್ಷಿಯವರ ಹೈದರಾಬಾದಿನ ನೆನಪುಗಳು (೧೯೫೭), ನಿಜಾಮನ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿಯವರ ಗ್ರಂಥ (೧೯೬೨), ಸ್ವಾಮಿ ರಾಮಾನಂದ ತೀರ್ಥರ ಸ್ಮರಣೆಗಳು (೧೯೬೭). ನಾಲ್ಕೂ ಇಂಗ್ಲಿಷಿನಲ್ಲಿವೆ, ನಾಲ್ಕೂ ಆ ಘಟನೆಗಳಲ್ಲಿ ಸ್ವತಃ ಭಾಗಿಗಳಾಗಿದ್ದವರ ಬರೆಹಗಳು. ಇವುಗಳನ್ನು ದೆಹಲಿಯಿಂದಲೋ ಹೈದರಾಬಾದು ನಗರದಿಂದಲೋ ಓದದೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಕುಳಿತು ಓದಿದರೆ ಏನು ಕಾಣುತ್ತದೆ, ಏನು ಕಾಣದೆ ಹೋಗುತ್ತದೆ ಎಂಬುದಷ್ಟೇ ನಮ್ಮ ವಿಚಾರ.

ಈ ನಾಲ್ಕು ತಾಲ್ಲೂಕುಗಳು ೧೯೫೬ರವರೆಗೆ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ೧೯೯೭ರಲ್ಲಿ ಇವುಗಳಿಂದಲೇ ಕೊಪ್ಪಳ ಜಿಲ್ಲೆಯಾಯಿತು. ಅನಂತರ ಕಾರಟಗಿ, ಕನಕಗಿರಿ, ಕುಕನೂರುಗಳು ಬೇರೆ ತಾಲ್ಲೂಕುಗಳಾಗಿವೆ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಾಗೀರು. ಪಡುವಣ ಗಡಿಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಆ ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರಗಳನ್ನು ನಡೆಸಿ ರಜಾಕಾರರನ್ನು ಎದುರಿಸಿದ ಸಂಗತಿ ನಮ್ಮ ಓದುಗರಿಗೆ ತಿಳಿದುದೇ ಆಗಿದೆ. ಕನ್ನಡದಲ್ಲಿ ಬಂದಿರುವ ಸ್ಮರಣ ಸಂಚಿಕೆಗಳು ಹೆಚ್ಚಾಗಿ ಈ ಶಿಬಿರಗಳ ಸುತ್ತಲೇ ತಿರುಗುತ್ತವೆ. ಆದರೆ ಶಿಬಿರ ಮುಗಿದು ಜನ ಊರಿಗೆ ಮರಳಿದ ಮೇಲೆ ಆದುದೇನು? ಎಂಟು ವರ್ಷಗಳಲ್ಲಿ ಈ ಪ್ರದೇಶವು ಐದು ಆಳ್ವಿಕೆಗಳನ್ನು ಕಂಡಿತು. ಮೊದಲು ನಿಜಾಮನೂ ಜಾಗೀರುದಾರನೂ. ಅನಂತರ ೧೯೪೯ರ ಡಿಸೆಂಬರಿನವರೆಗೆ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಸೈನಿಕ ಆಡಳಿತ. ಆಮೇಲೆ ನಾಗರಿಕ ಸೇವೆಯ ಎಂ. ಕೆ. ವೆಲ್ಲೋಡಿಯವರ ನಾಮನಿರ್ದೇಶಿತ ಸರಕಾರ. ೧೯೫೨ರ ಮಾರ್ಚಿಯಿಂದ ಬೂರ್ಗುಲ ರಾಮಕೃಷ್ಣರಾಯರ ಚುನಾಯಿತ ಸರಕಾರ. ೧೯೫೬ರ ನವೆಂಬರ್ ೧ರಿಂದ ವಿಶಾಲ ಮೈಸೂರು. ಇಷ್ಟು ಪಲ್ಲಟಗಳನ್ನು ಕಂಡ ಪ್ರಜಾಪ್ರಭುತ್ವವನ್ನು ಹುಟ್ಟಿನಿಂದಲೇ ಸ್ಥಿರವಾಗಿದ್ದುದೆಂದು ಭಾವಿಸುವುದು ಚರಿತ್ರೆಯ ಓದಲ್ಲ.

ಮುನ್ಷಿ ಮತ್ತು ಲಾಯಕ್ ಅಲಿಯವರ ಗ್ರಂಥಗಳನ್ನು ಕುರಿತು ಬಹಳ ಹೇಳಬೇಕಾಗಿಲ್ಲ. ಒಬ್ಬರು ೧೯೪೮ರಲ್ಲಿ ಭಾರತ ಸರಕಾರದ ಏಜೆಂಟ್ ಜನರಲ್. ಇನ್ನೊಬ್ಬರು ಅದೇ ವರ್ಷ ಎದುರು ಪಕ್ಷದ ಪ್ರಧಾನಿ, ಸೋತ ಮೇಲೆ ಗೃಹಬಂಧನದಿಂದ ತಪ್ಪಿಸಿಕೊಂಡು ೧೯೫೦ರಲ್ಲಿ ಪಾಕಿಸ್ತಾನಕ್ಕೆ ಹೋದವರು. ಒಂದು ಯುಗ ಮುಗಿಯಿತೆಂದು ಮುನ್ಷಿಯವರು ಹೆಸರಿಡುತ್ತಾರೆ. ದುರಂತವೆಂದು ಲಾಯಕ್ ಅಲಿಯವರು ಹೆಸರಿಡುತ್ತಾರೆ. ಒಬ್ಬರಿಗೆ ಹರ್ಷವಾದುದು ಮತ್ತೊಬ್ಬರಿಗೆ ಶೋಕ. ಆದರೆ ಪರದೆ ಬೀಳುವ ಕ್ಷಣದಲ್ಲಿ ಇಬ್ಬರಿಗೂ ಭೇದವಿಲ್ಲ. ಸೋತವನ ಗ್ರಂಥವನ್ನು ನಮ್ಮ ತರಗತಿಗಳಲ್ಲಿ ಓದಿಸಬಾರದೆಂಬ ಅಭಿಪ್ರಾಯ ಕೆಲವರಲ್ಲಿದೆ. ಅದನ್ನು ನಾವು ಒಪ್ಪುವುದಿಲ್ಲ. ಸೇನೆ ಬೆನ್ನಿರಿತಕ್ಕೆ ಬಲಿಯಾಯಿತೆಂಬ ಕಟ್ಟುಕಥೆ ಜರ್ಮನಿಯಲ್ಲಿ ಹಬ್ಬಿ ಗಣರಾಜ್ಯದ ಬುಡವನ್ನೇ ಕೊರೆಯಿತಷ್ಟೆ. ಸೋತವರು ತಮ್ಮ ಸೋಲಿಗೆ ಕೊಡುವ ಕಾರಣಗಳನ್ನು ಓದಿ ವಿಮರ್ಶಿಸದಿದ್ದರೆ ಅವು ಸುಮ್ಮನೆ ಮಾಯವಾಗುವುದಿಲ್ಲ.

ಮೆನನ್ ಅವರ ಗ್ರಂಥ ಬೇರೆ ತೂಕದ್ದು. ಹೈದರಾಬಾದಿಗೆ ಅವರು ಮೂರು ಅಧ್ಯಾಯಗಳನ್ನು ಕೊಟ್ಟಿದ್ದಾರೆ. ಏಕೀಕರಣದ ವೆಚ್ಚವೆಂಬ ಇನ್ನೊಂದು ಅಧ್ಯಾಯದಲ್ಲಿ ರಾಜಧನಗಳ ಲೆಕ್ಕವನ್ನು ಸಮರ್ಥಿಸಿದ್ದಾರೆ. ನಿಜಾಮನಿಗೆ ನಿಗದಿಯಾದ ರಾಜಧನ ವರ್ಷಕ್ಕೆ ೫೦ ಲಕ್ಷ ರೂಪಾಯಿ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಮೇಲಿನವರ ಲೆಕ್ಕ. ಕೆಳಗಿನವರ ಲೆಕ್ಕಕ್ಕೆ ಬೇರೆ ನಾಣ್ಯವೇ ಇತ್ತು. ನಿಜಾಮನ ನಾಡಿನಲ್ಲಿ ಚಲಾವಣೆಯಲ್ಲಿದ್ದುದು ಹಾಲಿ ಸಿಕ್ಕಾ. ಗಡಿಯಾಚೆ ಗದಗಿನ ಪೇಟೆಯಲ್ಲಿ ನಡೆಯುತ್ತಿದ್ದುದು ಕಲದಾರ. ಏಳು ಹಾಲಿಗೆ ಆರು ಕಲದಾರ ಎಂಬುದು ವಿನಿಮಯದ ದರ. ೧೯೫೦ರಿಂದ ಎರಡು ನಾಣ್ಯಗಳೂ ಜೊತೆಯಲ್ಲಿ ನಡೆದವು. ೧೯೫೧ರಲ್ಲಿ ಹಾಲಿಯ ಹೊಸ ಮುದ್ರಣ ನಿಂತಿತು. ೧೯೫೯ರಲ್ಲಿ ಅದು ಪೂರ್ತಿ ರದ್ದಾಯಿತು. ಗ್ರಂಥಗಳಲ್ಲಿ ಇದು ಒಂದು ಸಾಲಿನ ಸಂಗತಿ. ಕುಷ್ಟಗಿಯ ಒಬ್ಬ ಒಕ್ಕಲಿಗನ ಕಡೆಯಿಂದ ನೋಡಿದರೆ ಹಾಗಲ್ಲ. ಅವನು ಎಪ್ಪತ್ತು ಹಾಲಿ ಸಾಲ ತಂದಿದ್ದನೆಂದು ಭಾವಿಸೋಣ. ಹೊಸ ನಾಣ್ಯದಲ್ಲಿ ಅದು ಅರವತ್ತು ಕಲದಾರವಾಗಬೇಕು. ಪತ್ರವನ್ನು ಮತ್ತೆ ಬರೆಯುವಾಗ ಅಂಕಿಯನ್ನು ಹಾಗೆಯೇ ಇಟ್ಟು ನಾಣ್ಯದ ಹೆಸರನ್ನು ಮಾತ್ರ ಬದಲಿಸಿದರೆ ಸಾಲವು ಒಂದೇ ಏಟಿಗೆ ಆರರಲ್ಲೊಂದು ಪಾಲು ಹೆಚ್ಚಿದಂತಾಗುತ್ತದೆ. ಕಂದಾಯ, ಗೇಣಿ, ಕೂಲಿ, ಬಾಕಿ ಎಲ್ಲವೂ ಈ ಏಳು–ಆರರ ಕಟ್ಟೆಯನ್ನು ದಾಟಿಬರಬೇಕಾಗಿತ್ತು. ಅಕ್ಷರ ಬಾರದವನಿಗೆ ಹೊಸ ಸರಕಾರವು ಮೊದಲು ಎದುರಾದುದು ಸಂವಿಧಾನದ ರೂಪದಲ್ಲಲ್ಲ, ಈ ಗುಣಾಕಾರದ ರೂಪದಲ್ಲಿ.

ಇಲ್ಲಿ ಜರ್ಮನಿಯ ನಿದರ್ಶನ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಸಾದೃಶ್ಯಕ್ಕಿಂತ ಭೇದದಿಂದ. ೧೯೨೩ರ ಜನವರಿಯಲ್ಲಿ ಫ್ರೆಂಚರೂ ಬೆಲ್ಜಿಯನರೂ ರೂರ್ ಪ್ರದೇಶವನ್ನು ಆಕ್ರಮಿಸಿದರು. ಮುಷ್ಕರ ಹೂಡಿದ ಕಾರ್ಮಿಕರನ್ನು ಸಾಕಲು ಸರಕಾರವು ನೋಟುಗಳನ್ನು ಅಚ್ಚುಹಾಕುತ್ತ ಹೋಯಿತು. ಆ ನವೆಂಬರಿನಲ್ಲಿ ಒಂದು ಅಮೆರಿಕನ್ ಡಾಲರಿಗೆ ೪.೨ ಲಕ್ಷ ಕೋಟಿ ಮಾರ್ಕುಗಳು. ಸಾಲಗಾರನು ಕಾಗದದ ಚೂರಿನಿಂದ ಋಣಮುಕ್ತನಾದನು. ಕೂಡಿಟ್ಟವನು ಬೀದಿಗೆ ಬಂದನು. ಹೊಸ ರೆಂಟನ್‌ಮಾರ್ಕ್ ಬಂದು ಬೆಲೆಗಳು ನಿಂತರೂ, ಗಣರಾಜ್ಯವೇ ತನ್ನ ಗಂಟನ್ನು ಕದ್ದಿತೆಂಬ ಭಾವ ಮಧ್ಯಮ ವರ್ಗದ ಮನಸ್ಸಿನಿಂದ ಹೋಗಲಿಲ್ಲ. ಹೈದರಾಬಾದಿನಲ್ಲಿ ನಾಣ್ಯ ಸತ್ತುದು ಗೊತ್ತಾದ ದರದಲ್ಲಿ, ವರ್ಷಗಳ ಅವಧಿಯಲ್ಲಿ, ದೊಡ್ಡದೊಂದು ದೇಶದ ರೂಪಾಯಿಯ ಆಸರೆಯಲ್ಲಿ. ಸಣ್ಣಪುಟ್ಟ ವಂಚನೆಗಳಿಗೆ ಅದರಲ್ಲಿ ಎಡೆಯಿತ್ತು, ಸರ್ವನಾಶಕ್ಕೆ ಇರಲಿಲ್ಲ. ಇದರ ಜೊತೆಗೆ ಇನ್ನೊಂದನ್ನು ಸೇರಿಸಬೇಕು. ಮದರಾಸು, ಹೈದರಾಬಾದು ಸರಕಾರಗಳು ಕೂಡಿ ೧೯೪೫ರ ಫೆಬ್ರವರಿ ೨೮ರಂದು ಶಂಕುಸ್ಥಾಪನೆ ಮಾಡಿದ ತುಂಗಭದ್ರಾ ಅಣೆಕಟ್ಟಿನ ಯೋಜನೆ ನಿಜಾಮನ ಆಳ್ವಿಕೆಯೊಡನೆ ಅಳಿಯಲಿಲ್ಲ. ೧೯೫೩ರಲ್ಲಿ ಅಣೆಕಟ್ಟು ಪೂರ್ಣವಾಯಿತು. ಗಂಗಾವತಿಯ ಬಯಲು ಭತ್ತದ ನಾಡಾದುದು ಆ ನೀರಿನಿಂದ. ಕುಷ್ಟಗಿ, ಯಲಬುರ್ಗಾಗಳ ಎರೆ–ಮಸಾರಿಗಳು ಮಳೆಯನ್ನೇ ನೆಚ್ಚಿ ಉಳಿದವು. ಒಂದೇ ವಿಮೋಚನೆ ನಾಲ್ಕು ತಾಲ್ಲೂಕುಗಳಿಗೆ ಒಂದೇ ಫಲವನ್ನು ಕೊಡಲಿಲ್ಲವೆಂಬುದನ್ನು ಸ್ಮರಣ ಸಂಚಿಕೆಗಳು ಮರೆಯುತ್ತವೆ.

ಜಾಗೀರುಗಳ ರದ್ದತಿಯನ್ನು ಕುರಿತೂ ಒಂದು ಮಾತು. ೧೯೪೯ರ ಆಗಸ್ಟ್ ೧೫ರಂದು ಜಾಗೀರು ರದ್ದಿಯಾತಿಯ ನಿಬಂಧನೆ ಜಾರಿಗೆ ಬಂದಿತು. ಕೊಪ್ಪಳದ ಒಡೆಯರಾದ ಮೂರನೆಯ ಸಾಲಾರ್ ಜಂಗ್ ಅದಕ್ಕೆ ಐದು ತಿಂಗಳ ಮುಂಚೆ, ಮಾರ್ಚಿಯಲ್ಲಿ, ಸಂತಾನವಿಲ್ಲದೆ ತೀರಿಕೊಂಡಿದ್ದರು. ಅವರು ಕೂಡಿಸಿದ ಕಲಾವಸ್ತುಗಳನ್ನು ನೋಡಲು ಹೈದರಾಬಾದಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು, ಕೊಪ್ಪಳ ಯಲಬುರ್ಗಾಗಳ ಕಂದಾಯವೂ ಆ ಮನೆತನದ ಬೊಕ್ಕಸವನ್ನು ತುಂಬುತ್ತಿತ್ತೆಂಬುದನ್ನು ನೆನೆದರೆ ಕೆಡಕಿಲ್ಲ. ರದ್ದತಿಯಿಂದ ರೈತನಿಗೂ ಸರಕಾರಕ್ಕೂ ನಡುವೆ ಇದ್ದವನು ಹೋದನು. ಜಾಗೀರುದಾರರಿಗೆ ಪರಿಹಾರ ದೊರೆಯಿತು. ೧೯೫೦ರ ಗೇಣಿ ಕಾಯಿದೆಯು ಒಕ್ಕಲುಗಳಿಗೆ ರಕ್ಷಣೆ ಕೊಟ್ಟಿತು. ಆದರೆ ಜಾಗೀರುದಾರನು ಹೋದುದೂ ಭೂಮಿ ಉಳುವವನದಾದುದೂ ಒಂದೇ ಅಲ್ಲ. ಕಂದಾಯದ ಹಕ್ಕು, ಭೂಮಿಯ ಹಕ್ಕು ಎಂಬ ಎರಡನ್ನು ಬೆರಸಿ ಬರೆಯುವುದು ನಮ್ಮ ಪಠ್ಯಪುಸ್ತಕಗಳಲ್ಲಿ ರೂಢಿಯಾಗಿಬಿಟ್ಟಿದೆ.

ಹಳೆಯ ಅರಸನನ್ನೇ ಹೊಸ ವ್ಯವಸ್ಥೆಯ ತಲೆಯ ಮೇಲೆ ಇಟ್ಟುದನ್ನು ಹಲವರು ಟೀಕಿಸಿದ್ದಾರೆ. ೧೯೫೦ರ ಜನವರಿ ೨೬ರಿಂದ ೧೯೫೬ರ ಅಕ್ಟೋಬರದವರೆಗೆ ನಿಜಾಮನೇ ರಾಜಪ್ರಮುಖ. ಜರ್ಮನರೂ ೧೯೨೫ರಲ್ಲಿ ಕೈಸರನ ಮುದಿ ಸೇನಾಪತಿ ಹಿಂಡೆನ್‌ಬರ್ಗನನ್ನು ಅಧ್ಯಕ್ಷನನ್ನಾಗಿ ಆರಿಸಿದರು. ತೋರಿಕೆಗೆ ಎರಡೂ ಒಂದೇ ಬಗೆಯ ರಾಜಿ. ಆದರೆ ಹಿಂಡೆನ್‌ಬರ್ಗನ ಕೈಯಲ್ಲಿ ಸಂವಿಧಾನದ ೪೮ನೆಯ ವಿಧಿಯಿತ್ತು. ೧೯೩೦ರಿಂದಾಚೆ ಸಂಸತ್ತಿನ ಬಹುಮತವಿಲ್ಲದೆಯೇ ಆಜ್ಞೆಗಳಿಂದ ಆಡಳಿತ ನಡೆಯಿತು, ಹಿಟ್ಲರನನ್ನು ನೇಮಿಸಿದವನೂ ಅವನೇ. ನಿಜಾಮನಿಗೆ ಉಳಿದುದು ಬಿರುದು, ರಾಜಧನ, ಪ್ರಮಾಣವಚನ ಬೋಧಿಸುವ ಕೆಲಸ. ಹಳಬನು ಪೀಠದಲ್ಲಿ ಕುಳಿತಿರುವನೇ ಎಂಬುದಕ್ಕಿಂತ ಪೀಠಕ್ಕೆ ಯಾವ ಅಧಿಕಾರ ಅಂಟಿಕೊಂಡಿದೆ ಎಂಬುದೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಈ ಒಂದು ಅಂಶದಲ್ಲಿ ಮೆನನ್ ಅವರ ವ್ಯವಹಾರಚಾತುರ್ಯವನ್ನು ಮೆಚ್ಚದಿರಲಾಗದು.

ಅಸ್ಥಿರತೆ ಇರಲಿಲ್ಲವೆಂದು ಇದರ ಅರ್ಥವಲ್ಲ. ತೆಲಂಗಾಣದ ಸಶಸ್ತ್ರ ಹೋರಾಟ ೧೯೫೧ರ ಅಕ್ಟೋಬರದವರೆಗೂ ನಡೆಯಿತು. ಹೊರಗಿನಿಂದ ಬಂದ ಅಧಿಕಾರಿಗಳ ವಿರುದ್ಧ ೧೯೫೨ರ ಸೆಪ್ಟೆಂಬರಿನಲ್ಲಿ ಮುಲ್ಕಿ ಚಳವಳಿಯೆದ್ದು ಹೈದರಾಬಾದು ನಗರದಲ್ಲಿ ಗೋಲೀಬಾರಾಯಿತು. ರಾಜ್ಯ ಕಾಂಗ್ರೆಸ್ಸು ಸ್ವಾಮಿ ರಾಮಾನಂದ ತೀರ್ಥರ ಕಡೆ, ರಾಮಕೃಷ್ಣರಾಯರ ಕಡೆ ಎಂದು ಒಡೆದುಕೊಂಡಿತ್ತು. ನಾಲ್ಕು ಗ್ರಂಥಗಳಲ್ಲಿ ಈ ಒಡಕಿನ ನೋವನ್ನು ಒಳಗಿನಿಂದ ಬಲ್ಲವರು ಸ್ವಾಮಿಗಳೊಬ್ಬರೇ. ಅವರ ಗ್ರಂಥವನ್ನು ನಾವು ಉಳಿದವುಗಳಿಗಿಂತ ಮೇಲೆ ಇಡುವುದು ಈ ಕಾರಣದಿಂದ. ಆದರೂ ಅದು ನಾಯಕರ ದೃಷ್ಟಿಯ ಸ್ಮರಣೆಯೇ. ೧೯೫೨ರ ಮೊದಲನೆಯ ಮಹಾಚುನಾವಣೆಯಲ್ಲಿ ಸ್ವಾಮಿಗಳು ಗುಲಬರ್ಗದಿಂದ ಕಾಂಗ್ರೆಸ್ಸಿನ ಪರವಾಗಿ ಲೋಕಸಭೆಗೆ ಆರಿಸಿಬಂದರು. ಅದೇ ಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದ ಮತದಾರರು ಮುಂಡರಗಿ ಶಿಬಿರದ ಶಿವಮೂರ್ತಿಸ್ವಾಮಿಗಳನ್ನು ಪಕ್ಷೇತರರಾಗಿ ಗೆಲ್ಲಿಸಿದರು. ರಾಜ್ಯವನ್ನು ಬಿಡಿಸಿದ ಪಕ್ಷ ಎಂಬ ಹೆಸರಿಗೆ ಮತ ಬೀಳಲಿಲ್ಲ. ನಾಲ್ಕೇ ವರ್ಷಗಳ ಹಿಂದೆ ಜಾಗೀರು, ದಿವಾನಿಗಳ ಪ್ರಜೆಗಳಾಗಿದ್ದವರು, ಅಧಿಕಾರದಲ್ಲಿದ್ದ ಪಕ್ಷವನ್ನು ಬಿಟ್ಟು ತಾವು ಬಲ್ಲ ಮನುಷ್ಯನನ್ನು ಆರಿಸಿದರು. ಆ ತೀರ್ಪನ್ನು ಎಲ್ಲರೂ ಒಪ್ಪಿಕೊಂಡರು. ಗಡಿಶಿಬಿರದ ಬಂದೂಕಿಗಿಂತ ಈ ಮತಪೆಟ್ಟಿಗೆ ವಿಮೋಚನೆಯ ದೊಡ್ಡ ಸಾಕ್ಷ್ಯವೆಂದು ನಾವು ಎಣಿಸುತ್ತೇವೆ. ಅದನ್ನು ಯಾವ ಗ್ರಂಥವೂ ತನ್ನ ಕೇಂದ್ರಕ್ಕೆ ತಂದಿಲ್ಲ.

ಕೊನೆಯದಾಗಿ, ಹೇಳಲು ಕಷ್ಟವಾದುದೊಂದಿದೆ. ಜರ್ಮನಿಯಲ್ಲಿ ಎಮಿಲ್ ಗುಂಬೆಲ್ ಎಂಬ ಸಂಖ್ಯಾಶಾಸ್ತ್ರಜ್ಞರು ೧೯೨೨ರಲ್ಲಿ ರಾಜಕೀಯ ಕೊಲೆಗಳನ್ನು ಎಣಿಸಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಬಲಪಂಥದವರು ಮಾಡಿದ ಕೊಲೆಗಳು ೩೫೪. ಅವುಗಳಲ್ಲಿ ೩೨೬ಕ್ಕೆ ಶಿಕ್ಷೆಯೇ ಇಲ್ಲ. ಎಡಪಂಥದವರವು ೨೨, ಶಿಕ್ಷೆಯಿಲ್ಲದೆ ಹೋದವು ನಾಲ್ಕು. ನ್ಯಾಯಾಲಯಗಳು ಯಾರ ಕಡೆಗಿದ್ದುವೆಂಬುದನ್ನು ಈ ನಾಲ್ಕು ಅಂಕಿಗಳು ಬಯಲುಮಾಡಿದವು. ಎಣಿಸಿದವರಿಗೆ ೧೯೩೨ರಲ್ಲಿ ವಿಶ್ವವಿದ್ಯಾನಿಲಯದ ಹುದ್ದೆ ಹೋಯಿತು. ನಮ್ಮಲ್ಲಿಯೂ ಎಣಿಕೆ ನಡೆಯಿತು. ರಜಾಕಾರರ ಹಿಂಸೆ ನಡೆದ ನಾಡಿನಲ್ಲಿ ಸೈನಿಕ ಕಾರ್ಯಾಚರಣೆಯ ವೇಳೆಗೂ ಅನಂತರವೂ ಮುಸಲ್ಮಾನರ ಮೇಲೆ ನಡೆದ ಪ್ರತೀಕಾರವನ್ನು ತಿಳಿಯಲು ಭಾರತ ಸರಕಾರವು ೧೯೪೮ರ ಕೊನೆಯಲ್ಲಿ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ಕಳುಹಿಸಿತು. ಸತ್ತವರು ೨೭ ಸಾವಿರದಿಂದ ೪೦ ಸಾವಿರದವರೆಗೆ ಇರಬಹುದೆಂದು ಅವರ ಅಂದಾಜು. ಅತ್ಯಂತ ಕೆಟ್ಟ ಸ್ಥಿತಿಯಲ್ಲಿದ್ದುವೆಂದು ಅವರು ಹೇಳಿದ ಜಿಲ್ಲೆಗಳು ಉಸ್ಮಾನಾಬಾದು, ಗುಲಬರ್ಗ, ಬೀದರ, ನಾಂದೇಡ. ಆ ನಾಲ್ಕರಲ್ಲಿ ರಾಯಚೂರು ಇಲ್ಲ. ವರದಿಯನ್ನು ಆಗ ಪ್ರಕಟಿಸಲಿಲ್ಲ. ಅದು ಸಾರ್ವಜನಿಕರಿಗೆ ದೊರೆತುದು ೨೦೧೩ರ ಹೊತ್ತಿಗೆ. ಅಂದಾಜನ್ನು ಒಪ್ಪಬಹುದು, ಕಡಮೆಯೆನ್ನಬಹುದು, ಹೆಚ್ಚೆನ್ನಬಹುದು. ವಾದಿಸುವುದಕ್ಕೇ ಕಾಗದವಿಲ್ಲದಂತೆ ಅರುವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅದನ್ನು ಇಟ್ಟುಕೊಂಡುದನ್ನು ಮಾತ್ರ ಒಪ್ಪುವುದು ಕಷ್ಟ. ಈ ನಾಲ್ಕು ಗ್ರಂಥಗಳು ಬರೆಯಲ್ಪಟ್ಟ ಕಾಲದಲ್ಲಿ ಓದುಗರ ಕೈಯಲ್ಲಿ ಆ ವರದಿಯಿರಲಿಲ್ಲವೆಂಬುದನ್ನು ನೆನಪಿಟ್ಟೇ ಅವುಗಳನ್ನು ಇಂದು ಓದಬೇಕು.

ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಬರೆಯಹೊರಡುವ ವಿದ್ಯಾರ್ಥಿಯು ಇಂಗ್ಲಿಷ್ ಗ್ರಂಥಗಳಿಂದ ಬಹುದೂರ ಹೋಗಲಾರನು. ಅವನಿಗೆ ಬೇಕಾದುವು ಜಾಗೀರಿನ ಲೆಕ್ಕಪತ್ರಗಳು, ಹಾಲಿಯಿಂದ ಕಲದಾರಕ್ಕೆ ತಿರುಗಿಸಿ ಬರೆದ ಸಾಲಪತ್ರಗಳು, ಗೇಣಿದಾರರ ಪಟ್ಟಿಗಳು. ಹಳೆಯ ಕಾಗದಗಳ ಭಾಷೆ ಉರ್ದು, ಬರವಣಿಗೆ ಶಿಕಸ್ತ, ವರ್ಷ ಫಸಲಿ. ಫಸಲಿಗೆ ೫೯೦ನ್ನು ಕೂಡಿಸಿದರೆ ಇಸವಿ ಬರುತ್ತದೆ. ಆದರೆ ಅಕ್ಟೋಬರಿಗೆ ವರ್ಷ ತಿರುಗುವುದರಿಂದ ಬಹುಪಾಲು ತಿಂಗಳುಗಳಿಗೆ ೫೯೧ನ್ನು ಕೂಡಿಸಬೇಕಾಗುತ್ತದೆ. ಜಾಗೀರು ರದ್ದಾದುದು ಫಸಲಿ ೧೩೫೮ರಲ್ಲಿ. ಆ ವರ್ಷದ ದಫ್ತರಿನಿಂದ ಕೆಲಸವನ್ನು ಆರಂಭಿಸಬಹುದು.